ಅಪ್ಪ ಕೂರಿಸಿದ ಗೊಂಬೆ

ಮಲ್ಲೇಶ್ವರದ ಕಾಲೇಜೊಂದರಲ್ಲಿ ನಾನು ಗಂಡಸುತನದ ಬಗ್ಗೆ ಪಾಠ ಮಾಡುತ್ತೇನೆ. ಅದು ಹುಟ್ಟಿನಿಂದ ಬರುವುದಲ್ಲ, ಮನೆ, ಬೀದಿ, ಶಾಲೆ ಸೇರಿ ಕಲಿಸುವುದು ಎನ್ನುವವರೆಗೆ ನಮ್ಮ ವಿದ್ವಾಂಸರಲ್ಲಿ ಅಷ್ಟಾಗಿ ಜಗಳವಿಲ್ಲ. ಸ್ತ್ರೀವಾದದಲ್ಲಿ ಗಂಡಸರಿಗೆ ಜಾಗ ಎಲ್ಲಿ ಎಂದ ಕೂಡಲೇ ಶುರು. ಅವರೂ ಬದಲಾಗದೆ ಏನೂ ಬದಲಾಗದು ಎಂದು ಕೆಲವರು. ಒಳಗೆ ಬಿಟ್ಟರೆ ಇಲ್ಲಿಯೂ ಮುಂದಿನ ಸಾಲಿನಲ್ಲೇ ಕೂರುತ್ತಾರೆ ಎಂದು ಉಳಿದವರು. ನಾನು ಎರಡನ್ನೂ ಗಂಭೀರವಾಗಿ ವಿವರಿಸಿ ಕಾಫಿಗೆ ಹೋಗುವವಳು.

ಅಮ್ಮ ಹೋದ ಮರುವರ್ಷ, ಚಾಮರಾಜಪೇಟೆಯ ಮನೆಯಲ್ಲಿ ದಸರೆಗೆ ತಾವೇ ಗೊಂಬೆ ಕೂರಿಸುವುದಾಗಿ ಅಪ್ಪ ಹಟ ಹಿಡಿದರು. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಒಪ್ಪಲಿಲ್ಲ. "ಅರಿಶಿನ ಕುಂಕುಮಕ್ಕೆ ಹೆಂಗಸರೇ ಬರದ ಮನೇಲಿ ಗೊಂಬೆ ಯಾಕೆ? ಒಬ್ಬ ಹೆಂಗಸೂ ಬರ್ಲಿಲ್ಲ ಅಂದ್ರೆ ನಾನು ತಗೊಂಡ್ ಹೋಗ್ತೀನಿ," ಎಂದು ಖಾಲಿ ಪೆಟ್ಟಿಗೆಗಳ ಸಮೇತ ಬಂದು ಕೂತರು. ಅಮ್ಮ ತವರಿನಿಂದ ತಂದಿದ್ದ ಗೊಂಬೆಗಳು. ಅವೂ ಹೋದರೆ ಅಪ್ಪನಿಗೆ ಮನೆಯಲ್ಲಿ ಅಮ್ಮನದು ಅಂತ ಇನ್ನೇನೂ ಉಳಿಯುತ್ತಿರಲಿಲ್ಲ.

ಸಂಜೆ ಗೇಟು ಸದ್ದಾಯಿತು. ಇಸ್ತ್ರಿ ಶರಟು ತೊಟ್ಟು ಬೀದಿಯ ಯಜಮಾನರೆಲ್ಲ ಒಬ್ಬೊಬ್ಬರಾಗಿ ಬಂದರು. ಅಪ್ಪ ತಮ್ಮ ವಾಕಿಂಗ್ ಗೆಳೆಯರಿಗೆ ಫೋನು ಮಾಡಿ, ಕರೆಯುವ ಕೆಲಸ ಮುಗಿಯಿತು ಎಂದುಕೊಂಡಿದ್ದರು.

"ಮನೆಯವರು ಬರಲಿಲ್ವಾ?" ಎಂದೆ.

"ನಮ್ಮನ್ನ ಯಾರು ಕರೆದ್ರು ಅಂತ ಕೇಳಿದ್ಲಮ್ಮ," ಎಂದರು ಒಬ್ಬರು.

ಕುಂಕುಮದ ಬಟ್ಟಲು ಹಿಡಿದು ಬಾಗಿಲಿಗೆ ಹೋಗಿ ಕರೆಯದೆ ನಮ್ಮ ಬೀದಿಯ ಹೆಂಗಸರು ಗೊಂಬೆ ನೋಡಲು ಬರುವುದಿಲ್ಲ. ಅಮ್ಮ ವರ್ಷವರ್ಷವೂ ಹಾಗೆ ಹೋಗುತ್ತಿದ್ದದ್ದು ಪೇಪರಿನಲ್ಲಿ ಮುಳುಗಿರುತ್ತಿದ್ದ ಅಪ್ಪನ ಕಣ್ಣಿಗೆ ಬಿದ್ದೇ ಇರಲಿಲ್ಲ. ಗಂಡಸರು ಗೊಂಬೆಗಳೆದುರು ಮುಂದಿನ ಸಾಲಿನಲ್ಲೇ ಕೂತು, ಉಸಲಿ ಮೆಲ್ಲುತ್ತ ಕ್ರಿಕೆಟ್ ಮಾತಾಡತೊಡಗಿದರು. ದೊಡ್ಡಮ್ಮ ಹಳೇ ಪೇಪರ್ ಹರಡಿ ಪ್ಯಾಕಿಂಗಿಗೆ ಸಿದ್ಧರಾದರು.

"ನಾನ್ ಹೋಗಿ ಕರೀಲಾ ಅಪ್ಪಾ?"

"ಬೇಡ. ಕೂರಿಸಿದ್ದು ನಾನು." ಅಪ್ಪ ಬಟ್ಟಲು ಹಿಡಿದು ಚಪ್ಪಲಿ ಮೆಟ್ಟಿದರು. ಎದುರು ಮನೆಯ ಹಿರಿಯಾಕೆಯ ಬಾಗಿಲಲ್ಲಿ, ಇಂಟರ್‌ವ್ಯೂಗೆ ಬಂದವರ ಹಾಗೆ ನೆಟ್ಟಗೆ ನಿಂತು, "ಗೊಂಬೆ ಕೂರಿಸಿದೀನಿ, ಅರಿಶಿನ ಕುಂಕುಮಕ್ಕೆ ಬನ್ನಿ," ಎಂದದ್ದು ನಮ್ಮ ಗೇಟಿನವರೆಗೂ ಕೇಳಿಸಿತು. ಆಕೆ ಒಂದು ಗಳಿಗೆ ಅಪ್ಪನ ಮುಖ ನೋಡಿದರು, ನಕ್ಕರು, ಕುಂಕುಮ ಇಟ್ಟುಕೊಂಡು ಹೊರಟೇಬಿಟ್ಟರು.

ಹಾಗೇ ಅಪ್ಪ ಬೀದಿಯ ಒಂದೊಂದು ಬಾಗಿಲಿಗೂ ಹೋಗಿ ಕರೆದ ಮೇಲೆ ಮನೆ ತುಂಬಿತು. ಗಂಡಸರು ಎದ್ದು ಜಾಗ ಬಿಟ್ಟು, ಕಾಫಿ ಹಂಚಲು ಹೋಗಿ ಅರ್ಧ ನೆಲಕ್ಕೆ ಚೆಲ್ಲಿದರು. ನನಗೆ ಖುಷಿಗೆ ಅಳುವೇ ಬಂತು.

ಕೊನೆಗೆ ಅಪ್ಪ ದೊಡ್ಡಮ್ಮನ ಮುಂದೆ ಬಟ್ಟಲು ಹಿಡಿದರು. "ಅತ್ತಿಗೆ, ನಿಮ್ಮನ್ನೂ ಕರೀಲಿಲ್ಲ ನಾನು."

ದೊಡ್ಡಮ್ಮ ಕುಂಕುಮ ಇಟ್ಟುಕೊಂಡರು. "ಮುಂದಿನ ವರ್ಷ ಮನೆಗೇ ಬಂದು ಕರೀರಿ. ಫೋನ್ ಮಾಡಿದ್ರೆ ಬರಲ್ಲ."