ಪೂಜೆಯಾದ ಕಂಪ್ಯೂಟರ್ ಮುಟ್ಟಿದವಳು

ಮರಾಠಿ ನಾಡಿನ ರಬಾಳೆಯ ಕಾರ್ಖಾನೆಯಿಂದ ಹೊರಗೆ ಹೋಗುವ ಮಾಲಿನ ಬಿಲ್ಲು, ಚಲನ್‌ಗಳೆಲ್ಲ ನನ್ನ ಕೈಯಲ್ಲಿದ್ದವು. ಒಂದು ವರ್ಷ ಮಳೆ ಶುರುವಾದಾಗಿನಿಂದ ನನಗೆ ಖಿನ್ನತೆ. ಒಂದೇ ಬಿಲ್ಲನ್ನು ಮಧ್ಯಾಹ್ನದವರೆಗೆ ನೋಡುತ್ತ ಕೂರುತ್ತಿದ್ದೆ. ಅಳು ಬಂದರೆ ಬಾತ್‌ರೂಮಿಗೆ ಹೋಗಿ ಅತ್ತು ಬರುತ್ತಿದ್ದೆ. ಆಗ ಯಾರೂ ಏನೂ ಅನ್ನಲಿಲ್ಲ. ಹರಟೆ ಹೊಡೆಯದೆ ತಲೆ ತಗ್ಗಿಸಿ ದುಡಿಯುವವಳು ಎಂದು ಹೊಗಳಿದರು.

ಡಾಕ್ಟರಿಗೆ ತೋರಿಸಿ, ರಜೆ ಹಾಕಿ, ಮಾತ್ರೆ ನುಂಗಿ, ಲೆಕ್ಕ ಮತ್ತೆ ತಲೆಗೆ ಹತ್ತತೊಡಗಿದ ಮೇಲೆ ಕೆಲಸಕ್ಕೆ ಮರಳಿದೆ. ರಜೆಯ ಕಾರಣವನ್ನು ಮ್ಯಾನೇಜರಿಗೆ ಇದ್ದ ಹಾಗೆ ಹೇಳಿದೆ. ಉಡುಪಿ ಕಡೆಯವರು, ನಮ್ಮವರು, ಅರ್ಥ ಮಾಡಿಕೊಂಡಾರು ಎಂಬ ಬುದ್ಧಿವಂತಿಕೆ ನನ್ನದು. ಅರ್ಥ ಮಾಡಿಕೊಂಡರು, ಅಗತ್ಯಕ್ಕಿಂತ ಹೆಚ್ಚೇ.

"ನೀನಿನ್ನು ಟೆನ್ಶನ್ ತಕೊಳ್ಬೇಡ ಮಾರಾಯ್ತಿ, ಆರಾಮಲ್ಲಿ ಕೂತ್ಕೊ," ಎಂದರು. ಸಂಜೆಯೊಳಗೆ ನನ್ನ ಕೆಲಸವೂ ಕಂಪ್ಯೂಟರೂ ಪಕ್ಕದ ಮೇಜಿನ ಮರಾಠಿ ಸಹೋದ್ಯೋಗಿಯ ಪಾಲಾದವು. ಸಿಬ್ಬಂದಿಯ ಹುಟ್ಟುಹಬ್ಬಕ್ಕೆ ಕೇಕು ತರಿಸುವ ಮಹತ್ಕಾರ್ಯ ನನಗೆ ಬಂತು. ನನ್ನ ಮೇಜಿನ ಮೇಲಿದ್ದ ಕತ್ತರಿ ಸದ್ದಿಲ್ಲದೆ ಮಾಯವಾಯಿತು. ಕೇಕಿನ ಚಾಕು ಮಾತ್ರ ನನ್ನ ಜವಾಬ್ದಾರಿಯಲ್ಲೇ ಉಳಿಯಿತು.

ಸ್ವಲ್ಪ ದಿನಕ್ಕೆ ಮ್ಯಾನೇಜರ್ ಮತ್ತೆ ಕರೆದರು. "ನಿನ್ನ ಕೆಲ್ಸ ಏನೂ ಕಾಣ್ತಾ ಇಲ್ಲ ಅಂತಾರೆ ಮೇಲಿನವ್ರು. ದೀಪಾವಳಿ ಆದ್ಮೇಲೆ ಇಟ್ಕೊಳ್ಳೋದು ಕಷ್ಟ ಉಂಟು." ಕೆಲಸ ಕಿತ್ತುಕೊಂಡವರೇ ಕೆಲಸವೆಲ್ಲಿ ಎಂದು ಕೇಳುವುದು! ಮೈ ಉರಿಯಿತು. ಸಿಟ್ಟು ತೋರಿಸಿದರೆ ಅದನ್ನೂ ಕಾಯಿಲೆಗೇ ಸೇರಿಸುತ್ತಿದ್ದರು. ನಕ್ಕು ಹೊರಬಂದೆ.

ದಸರೆಯ ಮುನ್ನಾದಿನ ಯಂತ್ರಪೂಜೆ. ಯಂತ್ರಗಳಿಗೂ ಕಂಪ್ಯೂಟರುಗಳಿಗೂ ಅರಿಸಿನ, ಕುಂಕುಮ, ಚೆಂಡುಹೂವಿನ ಹಾರ. ಪೂಜೆಯಾದ ಮೇಲೆ ದಸರೆ ಕಳೆಯುವವರೆಗೆ ಯಾರೂ ಮುಟ್ಟುವಂತಿಲ್ಲ, ಮುಟ್ಟಿದವರಿಗೆ ಕೇಡು ಎಂಬ ನಂಬಿಕೆ. ಪೇಡೆ ಹಂಚುವ ಹೊತ್ತಿಗೆ ತುರ್ತು ಮಾಲಿಗೆ ಲಾರಿ ಬಂತು. ಚಲನ್ ಇಲ್ಲದೆ ಅದು ಗೇಟು ದಾಟುವ ಹಾಗಿಲ್ಲ.

"ನಕೋ ಸರ್, ಪೂಜಾ ಝಾಲೀ," ಬೇಡ, ಪೂಜೆ ಆಗಿದೆ ಎಂದು ಸಹೋದ್ಯೋಗಿ ಎರಡು ಹೆಜ್ಜೆ ಹಿಂದೆ ಸರಿದ. ಮ್ಯಾನೇಜರಿಗೂ ಕೈ ಹಾಕುವ ಧೈರ್ಯವಿಲ್ಲ. ಸುತ್ತ ನೋಡಿದ ಅವರ ಕಣ್ಣು ನನ್ನ ಮೇಲೆ ನಿಂತಿತು.

"ನೀನೇ ಮಾಡಿಬಿಡು ಮಾರಾಯ್ತಿ. ನಿಂಗೆ ಆಗ್ಲಿಕ್ಕಿದ್ದದ್ದೆಲ್ಲ ಆಗಿ ಆಯ್ತಲ್ಲ, ಇನ್ನೇನು ಆಗ್ಲಿಕ್ಕುಂಟು?"

ಎದೆಗೆ ನಾಟಿತು. ಆದರೂ ಓಡಿಹೋಗಿ ಕೂತೆ. ಹಾರ ಸರಿಸಿ ಮೌಸ್ ಹಿಡಿದಾಗ ಕಣ್ಣು ತುಂಬಿ ಬಂತು, ಅಷ್ಟು ಸಂತೋಷ. ಒಂದು ತಪ್ಪಿಲ್ಲದೆ ಚಲನ್ ಮಾಡಿದೆ. ಲಾರಿ ಹೊರಟಿತು.

"ಆಯ್ತಲ್ಲ, ಏಳು. ಪೇಡೆ ತಿನ್ನು."

"ಬಾಕಿ ತುಂಬಾ ಉಂಟು ಸರ್. ಎಲ್ಲ ನಾನೇ ಮಾಡ್ತೇನೆ. ಹಬ್ಬ ಆದ್ಮೇಲೂ ನಾನೇ."

ಮಾತ್ರೆಯಿಂದ ಬಾಯಿ ಒಣಗಿತ್ತು, ಆದರೂ ಮೌಸ್ ಬಿಡದೆ ಮುಂದಿನ ಬಿಲ್ಲು ತೆರೆದೆ. ಕಂಪ್ಯೂಟರ್ ಆರಿಸಿ ನನ್ನನ್ನು ಎಬ್ಬಿಸಬೇಕೆಂದರೆ ಅವರೇ ಅದನ್ನು ಮುಟ್ಟಬೇಕಿತ್ತು. ಮುಟ್ಟಲಿಲ್ಲ.

ದಸರೆ ಕಳೆಯುವಷ್ಟರಲ್ಲಿ ಬಾಕಿಯೆಲ್ಲ ತೀರಿಸಿದ್ದೆ; ದೀಪಾವಳಿಯ ನಂತರವೂ ನಾನು ಅದೇ ಕುರ್ಚಿಯಲ್ಲಿದ್ದೆ. ನಾನು ಗುಣವಾಗಿದ್ದೇನೆಂದು ಅಲ್ಲಿ ಯಾರೂ ಒಪ್ಪಿರಲಿಲ್ಲ. ಹುಚ್ಚಿ ಒಬ್ಬಳಿರಲಿ, ಮುಟ್ಟಬಾರದ್ದನ್ನು ಮುಟ್ಟುವ ಉಪಯೋಗಕ್ಕೆ ಬರುತ್ತಾಳೆ ಎಂದಷ್ಟೇ ಅವರ ಲೆಕ್ಕ.