ತಂಗಡಿಗೆ ಕಟ್ಟಿದ್ದ ಸೀರೆ ಚೂರು

ಮುದ್ದೇನಹಳ್ಳಿ ಹತ್ತಿರದ ನಮ್ಮ ಅರ್ಧ ಎಕರೆಯಲ್ಲಿ ಈ ಸೀಮೆಯ ಕಾಡುಗಿಡಗಳನ್ನೇ ಬೆಳೆಸುತ್ತೇನೆಂದು ಹೊರಟವನು ನಾನೇ, ಯಾರೂ ಬಲವಂತ ಮಾಡಿರಲಿಲ್ಲ. ಹೊಂಗೆ, ಲಕ್ಕಿ, ಬಂದರಿಕೆ, ತುಂಬೆ. ಇವು ನೀರು ಕೇಳುವುದಿಲ್ಲ, ಗೊಬ್ಬರ ಕೇಳುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ನಡುವೆ ನುಗ್ಗುವ ಲಂಟಾನ, ಪಾರ್ಥೇನಿಯಂ ನನ್ನ ಸೊಂಟವನ್ನೇ ಕೇಳುತ್ತವೆಂದು ಆಗ ಗೊತ್ತಿರಲಿಲ್ಲ. ನನ್ನಂಥ ರಿಟೈರಾದ ಮೇಷ್ಟ್ರು ಕುಡುಗೋಲು ಹಿಡಿದು ಎಷ್ಟು ದಿನ ಬಗ್ಗಿಯಾರು?

ಹಾಗಾಗಿ ಮಷೀನುಗಳು ಬಂದವು. ಗುಂಡಿ ತೋಡುವ ಮಷೀನು ಮೊದಲ ದಿನವೇ ಕಲ್ಲಿಗೆ ಸಿಕ್ಕಿ ನನ್ನ ಮಣಿಕಟ್ಟನ್ನು ತಿರುಚಿತು. ಥೂ, ಇದರ ಸಹವಾಸ ಸಾಕು ಎಂದು ಮೂಲೆಗೆ ತಳ್ಳಿದೆ. ಸಣ್ಣ ಬ್ಯಾಟರಿ ಗರಗಸ ಮಾತ್ರ ಬಂಗಾರ, ಲಂಟಾನದ ಬುಡವನ್ನು ಬದನೆಕಾಯಿ ಹೆಚ್ಚಿದ ಹಾಗೆ ಕೊಯ್ಯುತ್ತದೆ. ಎಳೆ ಕಳೆಗೆ, ನೈಲಾನ್ ದಾರ ಗಿರ್ರನೆ ತಿರುಗಿಸಿ ಸವರುವ ಕಳೆ ಮಷೀನು. "ಒಂದು ಗಂಟೇಲಿ ಕ್ಲೀನ್ ಸಾರ್, ಏನೂ ಉಳಿಯಲ್ಲ" ಎಂದಿದ್ದ ಚಿಂತಾಮಣಿಯ ಅಂಗಡಿಯವನು. ಪಾಪ, ಸುಳ್ಳು ಹೇಳಿರಲಿಲ್ಲ.

ನಮ್ಮಮ್ಮನಿಗೆ ಬೇಕಿದ್ದದ್ದು ಒಂದೇ ಗಿಡ, ತಂಗಡಿ. ಅವಳು ತೆಲುಗಿನ ಹಾಗೆ ತಂಗೇಡು ಅನ್ನುತ್ತಾಳೆ. ಅವಳ ತವರು ಸ್ಕಂದಗಿರಿಯ ಬುಡದಲ್ಲಿ. ಅಲ್ಲಿನ ಇಳಿಜಾರೆಲ್ಲ ಅದರ ಹಳದಿ ಹೂವಂತೆ. ಅಲ್ಲಿಂದಲೇ ಬೀಜ ತಂದು ಹಾಕಿದ್ದೆ, ಎರಡು ವರ್ಷಕ್ಕೆ ಮೊಣಕಾಲೆತ್ತರ ಬಂದಿತ್ತು. ಅಮ್ಮನ ಕಣ್ಣು ದಿನೇ ದಿನೇ ಮಂಜಾಗುತ್ತಿತ್ತು. ಪೂರ್ತಿ ಹೋಗುವ ಮುಂಚೆ ಆ ಹಳದಿಯನ್ನು ಇನ್ನೊಮ್ಮೆ ನೋಡಬೇಕೆಂಬುದು ಅವಳ ಆಸೆ. ಗುರುತಿಗೆಂದು ತನ್ನ ಹಳೇ ಸೀರೆಯ ಚೂರೊಂದನ್ನು ಗಿಡಕ್ಕೆ ಕಟ್ಟಿಸಿದ್ದಳು. "ತಂಗೇಡು ಹೂ ಬಿಡ್ತೇನಪ್ಪಾ?" ಎಂದು ದಿನಾ ಕೇಳುವಳು.

ಗಾಳಿಗೆ ಹಾರಾಡುವ ಆ ಚೂರು ಮಷೀನಿನ ದಾರಕ್ಕೆ ಸುತ್ತಿಕೊಳ್ಳುತ್ತಿತ್ತು. ಎರಡು ಸಲ ಬಿಡಿಸಿದೆ. ಮೂರನೇ ಸಲ ಸಿಟ್ಟು ಬಂದು ಬಿಚ್ಚಿ ಎಸೆದೆ. ಗಿಡ ಎಲ್ಲಿದೆ ಅಂತ ನನಗೆ ಗೊತ್ತಿಲ್ಲವೇ!

ಮಳೆ ಬಂದು ಪಾರ್ಥೇನಿಯಂ ಸೊಂಟದವರೆಗೆ ಎದ್ದಿತು. ಮತ್ತೆ ಮಷೀನು ಹೊತ್ತೆ. ಬಿಸಿಲು, ಕಿವಿಯೊಳಗೆ ಮೊರೆತ, ತೋಳು ಸೋತಿತ್ತು. ಒಮ್ಮೆ ಮುಗಿದರೆ ಸಾಕಪ್ಪ ಎಂದು ಸವರುತ್ತಾ ಹೋದೆ. ನಿಲ್ಲಿಸಿ ತಿರುಗಿ ನೋಡಿದರೆ ಕಳೆಯ ಜೊತೆ ತಂಗಡಿಯೂ ಮಲಗಿತ್ತು.

ಅಮ್ಮ ಕೋಲೂರಿಕೊಂಡು ಬಂದಳು. ಅವಳ ಮಂಜುಗಣ್ಣಿಗೂ ಬಯಲು ಬೆಳ್ಳಗೆ ಕಂಡಿರಬೇಕು.

"ಕಳೆ ಹೋಗಿದ್ದೇ ತೋಟಕ್ಕೆ ಎಷ್ಟು ಕಳೆ ಬಂತು ನೋಡಪ್ಪಾ" ಎಂದಳು. ಆಮೇಲೆ, "ತಂಗೇಡು ಎಲ್ಲಿ?"

ಸುಳ್ಳು ಹೇಳುವುದಕ್ಕೂ ತ್ರಾಣವಿರಲಿಲ್ಲ.

"ನಾನೇ ಕೊಯ್ದುಬಿಟ್ಟೆ ಕಣಮ್ಮ."

ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಮೊಗ್ಗಿತ್ತಾ?" ಎಂದಳು.

ಇತ್ತು. ಬಿದ್ದ ರೆಂಬೆಯ ತುದಿಯಲ್ಲಿ ನಾಲ್ಕು. ಅದರಲ್ಲೊಂದು ಆಗಲೇ ಅರಳಿತ್ತು. ತಂದು ಅವಳ ಕೈಗಿಟ್ಟೆ. ಹತ್ತಿರ ಹಿಡಿದಳು, ದೂರ ಹಿಡಿದಳು, ಬಿಸಿಲಿಗೆ ತಿರುಗಿಸಿದಳು.

"ಹಳದೀನೇ ತಾನೇನಪ್ಪಾ?" ಎಂದು ಕೇಳಿದಳು.