ಕಿಟಕಿಯ ಕೆಳಗಿನ ಇಂಜಿನ್ನುಗಳು

ಜೂರಕಾನ್ ಮೂವತ್ತೊಂದು ವರ್ಷ ಬಿಶ್ಕೆಕ್ ನಗರದಲ್ಲಿ ಟ್ರಾಲಿಬಸ್ಸು ಓಡಿಸಿದವಳು. ಕರೆಂಟಿನ ತಂತಿ ಹಿಡಿದು ಓಡುವ ಗಾಡಿ, ಹೊಗೆಯ ಮಾತೇ ಇಲ್ಲ. ಅಂಥವಳ ಗಂಡ ಅಸಂಕುಲ್‌ಗೆ ಹೊಗೆ ಕುಡಿದು ಸಾಯುವ ಹಣೆಬರಹ.

ಅವರದು ನೆಲ ಅಂತಸ್ತಿನ ಮನೆ, ಕಿಟಕಿ ಅಂಗಳದ ಕಡೆಗೆ. ಹಿಂದೆ ಆ ಅಂಗಳದಲ್ಲಿ ಹೆಂಗಸರು ಜಮಖಾನ ತೊಳೆಯುತ್ತಿದ್ದರು. ಈಗ ಕಾಲಿಡಲು ಜಾಗವಿಲ್ಲ, ಬರೀ ಕಾರು. ಚಳಿಗಾಲ ಬಂತೆಂದರೆ ಬೆಳಗ್ಗೆ ಏಳಕ್ಕೇ ಇಂಜಿನ್ನು ಹಚ್ಚಿಟ್ಟು, ಒಳಗೆ ಹೋಗಿ ನಿಧಾನಕ್ಕೆ ಚಹಾ ಕುಡಿದು ಬರುತ್ತಾರೆ. ಅಷ್ಟು ಹೊತ್ತೂ ಅಸಂಕುಲ್ ಹಾಸಿಗೆಯಲ್ಲಿ ಎದ್ದು ಕೂತು, ದಡಕ್ಕೆ ಬಿದ್ದ ಮೀನಿನ ಹಾಗೆ ಬಾಯಿ ಬಿಡುತ್ತಿದ್ದ.

ಎಷ್ಟು ಸಲ ಹೇಳಿದಳೋ! ಮೂರನೇ ಅಂತಸ್ತಿನ ಮೆಲಿಸ್‌ಗಂತೂ ಹೇಳಿ ಹೇಳಿ ನಾಲಗೆ ಸವೆದಿತ್ತು.

"ಎಜೆ, ತಣ್ಣಗಿರೋ ಇಂಜಿನ್ ಓಡಿಸಿದ್ರೆ ಕೆಟ್ಟೋಗುತ್ತೆ."

"ನನ್ನ ಗಂಡನ ಎದೇನೂ ಕೆಟ್ಟೋಗ್ತಿದೆ ಕಣೋ."

"ಕಿಟಕಿ ಹಾಕ್ಕೊಳ್ಳಿ, ಎಜೆ."

ಎಜೆ, ಅಂದರೆ ಅಕ್ಕಾ, ಎಂದು ಕರೆಯುವ ಬಾಯಲ್ಲೇ ಇಂಥ ಮಾತು.

ಜನವರಿಯ ಒಂದು ಬೆಳಗ್ಗೆ ಅಸಂಕುಲ್ ಹೋದ.

ನಮ್ಮ ಪದ್ಧತಿಯಂತೆ ಮಣ್ಣು ಮಾಡುವ ತನಕ ಹೆಣವನ್ನು ಕಂಬಳಿ ಗುಡಾರದಲ್ಲಿ ಮಲಗಿಸಬೇಕು. ಮೈದುನ ಗುಡಾರವನ್ನೇನೋ ತಂದ, ನಿಲ್ಲಿಸುವುದೆಲ್ಲಿ? ಕಾರು ತೆಗೆಯಿರಿ ಎಂದು ಮನೆಮನೆಯ ಬಾಗಿಲು ತಟ್ಟಿದ. ಒಬ್ಬನ ಬ್ಯಾಟರಿ ಸತ್ತಿದೆ, ಇನ್ನೊಬ್ಬನ ಕೀಲಿ ಹೆಂಡತಿಯ ಹತ್ತಿರವಿದೆ. ಮೆಲಿಸ್ ಮೆಟ್ಟಿಲ ಮೇಲಿಂದಲೇ, "ಆಚೆ ರಸ್ತೆ ಪಕ್ಕ ಹಾಕಿ, ಎರಡು ದಿನದ ಮಾತು ತಾನೆ" ಅಂದ.

ಜೂರಕಾನ್ ಹೊರಗೆ ಬಂದಳು. ಕಾರುಗಳು ಹೋಗಿಬರುವ ಒಂದೇ ದಾರಿ, ಅಂಗಳದ ಬಾಯಿ, ಅದನ್ನು ತೋರಿಸಿದಳು.

"ಇಲ್ಲಿ ನಿಲ್ಲಿಸು."

"ಅತ್ತಿಗೆ, ಯಾರೂ ಹೊರಗೆ ಹೋಗಕ್ಕಾಗಲ್ಲ."

"ನಿಮ್ಮಣ್ಣಂಗೆ ಹತ್ತು ವರ್ಷ ಉಸಿರೇ ಹೊರಗೆ ಹೋಗ್ಲಿಲ್ಲ. ನಿಲ್ಲಿಸು."

ಹೆಣವಿರುವ ಗುಡಾರವನ್ನು ಸರಿಸಿ ಎನ್ನುವ ನಾಲಗೆ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

ಗುಡಾರದ ಒಳಗೆ ಗೋಡೆಗೆ ಮುಖಮಾಡಿ ಕೂತು ಸತ್ತವನ ಗುಣ ಹಾಡಿ ಅಳುವುದು ಹೆಂಡತಿಯ ಪಾಲು. ಅವಳೂ ಹಾಡಿದಳು. "ನನ್ನ ಗಿಡುಗವೇ, ಮೆಲಿಸನ ಕರೀ ಜೀಪು ನಿನ್ನ ಉಸಿರು ಕುಡೀತಲ್ಲೋ" ಎಂದು ಹಾಡಿದಳು. ಆಮೇಲೆ ಬಿಳಿ ಕಾರಿನವನ ಹೆಸರು, ಆಮೇಲೆ ಕೆಂಪು ಕಾರಿನವನದು. ಹೊರಗೆ ಗುಡಾರಕ್ಕೆ ಒರಗಿ ಅಳುತ್ತಿದ್ದ ಗಂಡಸರು ತಿರುಗಿ ಆ ಕಾರುಗಳನ್ನು ನೋಡಿದರು.

ಎರಡು ದಿನ ಬೆಳಗ್ಗೆ ಒಂದು ಇಂಜಿನ್ನೂ ಹತ್ತಲಿಲ್ಲ. ಎಲ್ಲರೂ ಬಸ್ಸಿಗೆ ನಡೆದುಹೋದರು. ಯಾರ ಕಾಲೂ ಮುರಿಯಲಿಲ್ಲ. ಇಷ್ಟು ಸುಲಭವಿತ್ತೇ ಎಂದು ಹೊಳೆದಾಗ ಅವಳ ಹೊಟ್ಟೆಯ ಬೆಂಕಿ ಇಮ್ಮಡಿಯಾಯಿತು.

ಮಣ್ಣಾಯಿತು, ಗುಡಾರ ಬಿಚ್ಚಿದರು. ಮಾರನೆಯ ಬೆಳಗ್ಗೆ ಏಳಕ್ಕೆ ಸರಿಯಾಗಿ ಕರೀ ಜೀಪು ಕಿಟಕಿಯ ಕೆಳಗೆ ಗುರ್ರೆಂದಿತು.

ಮನೆಯ ಚಪ್ಪಲಿಯಲ್ಲೇ ಹಿಮಕ್ಕಿಳಿದು ಅವಳು ಬಾನೆಟ್ಟಿನ ಮುಂದೆ ನಿಂತಳು.

"ಎಜೆ, ಅವರು ಹೋಗ್ಬಿಟ್ರಲ್ಲ," ಅಂದ ಮೆಲಿಸ್. "ಇನ್ಯಾರಿಗೆ ತೊಂದರೆ?"

"ನಾನು ಬದುಕಿದ್ದೀನಿ ಕಣೋ! ನಿನ್ನ ಮಗಳು ಕೆಮ್ಮೋದು ಕೆಳಗೆ ನನಗೆ ಕೇಳುತ್ತೆ, ಪಕ್ಕದಲ್ಲಿ ಮಲಗೋ ನಿನಗೆ ಕೇಳಲ್ವಾ? ಆರಿಸು."

ಅವನು ಹಾರ್ನ್ ಒತ್ತಿದ. ಅವಳು ಅಲುಗಲಿಲ್ಲ. ಒಂದೊಂದೇ ಕಿಟಕಿ ತೆರೆಯಿತು. ಮೂರನೇ ಅಂತಸ್ತಿನಿಂದ ಅವನ ಹೆಂಡತಿಯೇ ಕೂಗಿದಳು: "ಆರಿಸ್ರೀ! ಸಾವಾದ ಮನೆ ಮುಂದೆ ನಾಚಿಕೆ ಇಲ್ವಾ?"

ಜೀಪು ಬಾಯಿ ಮುಚ್ಚಿತು.

"ಬಸ್ಸು ಏಳೂ ಇಪ್ಪತ್ತಕ್ಕೆ," ಅಂದಳು ಜೂರಕಾನ್. "ನಡಿ. ನಾಳೇನೂ ನಾನು ಇಲ್ಲೇ ನಿಂತಿರ್ತೀನಿ."